ಪೂ ಎಂಬ ಕರಡಿಯೂ ನಮ್ಮನೆ ಅಟ್ಟದ ಲಾರಿಯೂ

ಚೌತಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಬಿಳಗಿ. ಬಾಗಲಕೋಟೆ ಕಡೆಯ ಬೀಳಗಿ ಅಲ್ಲ ಮಾರಾಯ್ರೆ, ಸಿದ್ದಾಪುರ ತಾಲೂಕಿನ ಬಿಳಗಿ. ಆಫೀಸಿನಲ್ಲಿ ಇದನ್ನು ವಿವರಿಸಿ ವಿವರಿಸಿ ಸಾಕಾಗಿ ಹೋಗಿದೆ. ಒಂದು ದೀರ್ಘ ಜಾಸ್ತಿ ಆದರೆ ಅರ್ಧ ರಾಜ್ಯ ದಾಟಿ ಹೋಗಬೇಕು :-)

ಹಬ್ಬದ ಮಾರನೇ ದಿನ ಎಡಬಿಡದೆ ಮಳೆ. ಕರೆಂಟು ಇಲ್ಲ, ನೆಟ್‌ವರ್ಕ್ ಮೊದಲೇ ಇಲ್ಲ. ಅಕ್ಕನ ಮಗಳು, ಆರು ವರ್ಷದವಳು, ಚಕ್ಕುಲಿ ತಿಂದು ಮುಗಿಸಿ ಇನ್ನು ಏನು ಮಾಡುವುದು ಅಂತ ನನ್ನ ತಲೆ ತಿನ್ನುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆಯಷ್ಟು ಚಾರ್ಜ್ ಇತ್ತು, ಒಂದು ಸಿನಿಮಾ ಇತ್ತು. 'ಕ್ರಿಸ್ಟೋಫರ್ ರಾಬಿನ್'. 2018ರಲ್ಲಿ ಡಿಸ್ನಿಯವರು ಮಾಡಿದ್ದು, ಮಾರ್ಕ್ ಫಾರ್‌ಸ್ಟರ್ ನಿರ್ದೇಶನ. ಹಾಕಿ ಕೂತೆವು.

ಕತೆ ಸಣ್ಣದು. ಚಿಕ್ಕಂದಿನಲ್ಲಿ ಗೊಂಬೆ ಕರಡಿ, ಹಂದಿ, ಹುಲಿ, ಕತ್ತೆಗಳ ಜೊತೆ ಕಾಡಿನಲ್ಲಿ ಆಡಿಕೊಂಡಿದ್ದ ಹುಡುಗ ದೊಡ್ಡವನಾಗಿ ಲಂಡನ್ನಿನ ಸೂಟ್‌ಕೇಸ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರುತ್ತಾನೆ. ಖರ್ಚು ಕಡಿಮೆ ಮಾಡಿ, ಇಲ್ಲಾಂದ್ರೆ ಜನರನ್ನು ತೆಗೀರಿ ಅಂತ ಮೇಲಿನವರ ಒತ್ತಡ. ಹೆಂಡತಿ ಮಗಳ ಜೊತೆ ಹಳ್ಳಿಗೆ ಹೋಗಬೇಕಾಗಿದ್ದ ವೀಕೆಂಡು ಅಲ್ಲಿಗೆ ಖಲಾಸ್. (ಈ ಭಾಗ ನೋಡುವಾಗ ನಾನು ಯಾಕೋ ನಗಲಿಲ್ಲ.) ಅಷ್ಟೊತ್ತಿಗೆ ಹಳೇ ಕರಡಿ ಅವನನ್ನು ಹುಡುಕಿಕೊಂಡು ಲಂಡನ್ನಿಗೇ ಬರುತ್ತದೆ. ಮುಂದಿನದು ನೀವೇ ಊಹಿಸಬಹುದು. ಇವಾನ್ ಮೆಕ್‌ಗ್ರೆಗರ್ ಚೆನ್ನಾಗಿ ಮಾಡಿದ್ದಾನೆ. ಕರಡಿ ಅವನಿಗಿಂತ ಚೆನ್ನಾಗಿ ಮಾಡಿದೆ.

ಸಿನಿಮಾ ಮುಗಿದ ಮೇಲೆ ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಇದು ಖರೇನಾ?"

ಕರಡಿ ಮಾತಾಡಿದ್ದು ಖರೆ ಅಲ್ಲ. ಆದರೆ ಹುಡುಗ ಖರೆ, ಗೊಂಬೆಗಳೂ ಖರೆ. ಎ. ಎ. ಮಿಲ್ನ್ ಎಂಬ ಇಂಗ್ಲಿಷ್ ಲೇಖಕನ ಮಗ ಕ್ರಿಸ್ಟೋಫರ್ ರಾಬಿನ್ ಮಿಲ್ನ್ ಹುಟ್ಟಿದ್ದು 1920ರಲ್ಲಿ. ಮೊದಲನೇ ಹುಟ್ಟುಹಬ್ಬಕ್ಕೆ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಿಂದ ಒಂದು ಬಟ್ಟೆ ಕರಡಿ ತಂದುಕೊಟ್ಟರು. ಆಗಿನ್ನೂ 'ಟೆಡ್ಡಿ ಬೇರ್' ಹುಟ್ಟಿ ಇಪ್ಪತ್ತು ವರ್ಷ ಆಗಿರಲಿಲ್ಲ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1902ರಲ್ಲಿ ಬೇಟೆಗೆ ಹೋದಾಗ ಕಟ್ಟಿಹಾಕಿದ್ದ ಕರಡಿಯನ್ನು ಹೊಡೆಯುವುದಿಲ್ಲ ಅಂದದ್ದು, ಅದು ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಆಗಿದ್ದು, ಅದನ್ನು ನೋಡಿ ನ್ಯೂಯಾರ್ಕಿನ ಅಂಗಡಿಯವನೊಬ್ಬ ಕರಡಿ ಗೊಂಬೆ ಹೊಲಿದು ಮಾರಿದ್ದು, ಹೀಗೆ ಶುರುವಾದ ಆಟಿಕೆ ಅದು. ವಿನ್ನಿ ಎಂಬ ಹೆಸರು ಬಂದದ್ದು ಇನ್ನೊಂದು ಕಡೆಯಿಂದ. 1914ರಲ್ಲಿ ಯುದ್ಧಕ್ಕೆ ಹೊರಟಿದ್ದ ಕೆನಡಾದ ಸೈನಿಕ ಪಶುವೈದ್ಯನೊಬ್ಬ ರೈಲ್ವೆ ಸ್ಟೇಷನ್ನಿನಲ್ಲಿ 20 ಡಾಲರ್ ಕೊಟ್ಟು ಕರಡಿ ಮರಿ ಕೊಂಡು, ತನ್ನ ವಿನಿಪೆಗ್ ಊರಿನ ನೆನಪಿಗೆ ವಿನ್ನಿ ಅಂತ ಕರೆದ. ಅದು ಆಮೇಲೆ ಲಂಡನ್ ಮೃಗಾಲಯಕ್ಕೆ ಬಂತು, ಅಲ್ಲಿ ಈ ಹುಡುಗ ಅದನ್ನು ನೋಡಿದ. ಅಪ್ಪ 1926ರಲ್ಲಿ 'ವಿನ್ನಿ ದ ಪೂ' ಪುಸ್ತಕ ಬರೆದ.

ಇಲ್ಲಿಂದ ಮುಂದೆ ಸಿನಿಮಾಕ್ಕೂ ಇತಿಹಾಸಕ್ಕೂ ದಾರಿ ಬೇರೆ. ನಿಜವಾದ ಕ್ರಿಸ್ಟೋಫರ್ ರಾಬಿನ್ ದೊಡ್ಡವನಾದ ಮೇಲೆ ಕರಡಿಯನ್ನು ಅಪ್ಪಿಕೊಂಡು ಅಳಲಿಲ್ಲ. ಪುಸ್ತಕ ಪ್ರಸಿದ್ಧವಾಗಿ ಶಾಲೆಯಲ್ಲಿ ಹುಡುಗರು ಅವನನ್ನು ಗೋಳು ಹೊಯ್ದುಕೊಂಡರು. ತನ್ನ ಹೆಸರನ್ನು ಅಪ್ಪ ಬಳಸಿಕೊಂಡ ಎಂಬ ಕಹಿ ಅವನಿಗೆ ಬಹಳ ಕಾಲ ಇತ್ತು. 1951ರಲ್ಲಿ ಡಾರ್ಟ್‌ಮತ್ ಎಂಬ ಊರಿನಲ್ಲಿ ಪುಸ್ತಕದಂಗಡಿ ಇಟ್ಟುಕೊಂಡ. ಗೊಂಬೆಗಳನ್ನು ಅಪ್ಪ ಅಮೆರಿಕದ ಪ್ರಕಾಶಕರಿಗೆ ಕೊಟ್ಟುಬಿಟ್ಟಿದ್ದ, 1947ರಲ್ಲಿ ಅವು ಅಮೆರಿಕಕ್ಕೆ ಹೋದವು. ವಾಪಸ್ ಬೇಕು ಅಂತ ಇವನು ಹಠ ಹಿಡಿಯಲಿಲ್ಲ. 1987ರಿಂದ ಅವು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಕಾಂಗರೂ ಮರಿ ಒಂದು ಮಾತ್ರ ಇಲ್ಲ, ಅದು 1930ರ ದಶಕದಲ್ಲೇ ಸೇಬಿನ ತೋಟದಲ್ಲಿ ಕಳೆದುಹೋಯಿತು. 1998ರಲ್ಲಿ, ಅಂದರೆ ಅವನು ಸತ್ತು ಎರಡು ವರ್ಷ ಆದ ಮೇಲೆ, ಬ್ರಿಟನ್ನಿನ ಸಂಸದೆ ಗ್ವಿನೆತ್ ಡನ್‌ವುಡಿ ಗೊಂಬೆಗಳನ್ನು ವಾಪಸ್ ಕೊಡಿ ಅಂತ ಕೇಳಿ ಎರಡೂ ದೇಶಗಳ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯಿತು. ಕೊಡಲಿಲ್ಲ ಬಿಡಿ.

ನನಗೆ ಆಶ್ಚರ್ಯ ಆಗೋದು ಬೇರೆ. ಒಂದು ಬಟ್ಟೆ ಕರಡಿಗೆ ಎಷ್ಟು ದಾಖಲೆ ನೋಡಿ! ಯಾವ ಅಂಗಡಿ, ಯಾವ ವರ್ಷ, ಕಳೆದುಹೋಗಿದ್ದು ಯಾವ ತೋಟದಲ್ಲಿ. ನಮ್ಮ ಬಿಳಗಿಯಲ್ಲಿ ಅರಸರಿದ್ದರು, ಆಗ ಊರಿಗೆ ಶ್ವೇತಪುರ ಅಂತ ಹೆಸರು. ಬಸದಿ ಇದೆ, ಗೋಲಬಾವಿ ಇದೆ, ಶಾಸನಗಳಿವೆ. ದತ್ತಿ ಬಿಟ್ಟ ಭೂಮಿಯ ಲೆಕ್ಕ ಕಲ್ಲಿನ ಮೇಲೆ ಇದೆ. ಅರಮನೆಯ ಮಗು ಯಾವ ಗೊಂಬೆ ಹಿಡಿದು ಮಲಗಿತ್ತು ಅಂತ ಯಾವ ಕಲ್ಲಿನ ಮೇಲೂ ಇಲ್ಲ.

ಮಧ್ಯಾಹ್ನ ಅಟ್ಟದಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಹಂಚು ಒಡೆದಿತ್ತು. ಸಾಮಾನು ಸರಿಸುವುದಕ್ಕೆ ಅಂತ ನಾನೂ ಅಪ್ಪಯ್ಯನೂ ಮೇಲೆ ಹತ್ತಿದೆವು. ಬುಡದ ಮೂಲೆಯಲ್ಲಿ ಒಂದು ತಗಡಿನ ಟ್ರಂಕು. ಅದರಲ್ಲಿ ಅಮ್ಮಮ್ಮನ ಚೆನ್ನೆಮಣೆ, ತಳದಲ್ಲಿ ಅಪ್ಪಯ್ಯನ ಹಳೇ ಲೆಕ್ಕದ ಪುಸ್ತಕಗಳು, ಮತ್ತೆ... ನನ್ನ ಲಾರಿ.

ಲಾರಿ ಬಗ್ಗೆ ಆಮೇಲೆ ಹೇಳ್ತೇನೆ, ಮೊದಲು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಸೆಬೀಜವನ್ನೋ ಮಂಜುಟ್ಟಿ ಕಾಳನ್ನೋ ಹಾಕಿ ಆಡುವುದು. ದಕ್ಷಿಣದ ಜಿಲ್ಲೆಗಳಲ್ಲಿ ಅಳಗುಳಿಮಣೆ, ತಮಿಳರಲ್ಲಿ ಪಲ್ಲಾಂಗುಳಿ, ಆಫ್ರಿಕಾದಲ್ಲಿ ಮಂಕಾಲ ಕುಟುಂಬದ ಹತ್ತಾರು ಆಟಗಳು, ಎಲ್ಲ ಒಂದೇ ಬಳ್ಳಿಯವು. ಆಟಗಳ ಪೈಕಿ ಇತಿಹಾಸಕ್ಕೆ ಸಿಕ್ಕಿದ್ದು ಇಂಥವೇ. ಯಾಕೆಂದರೆ ಜನ ಇವನ್ನು ಕಲ್ಲಿನಲ್ಲೂ ಕೆತ್ತಿದರು. ಹಂಪಿಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಹುಲಿಕುರಿ ಆಟದ ಗೆರೆಗಳು, ಗುಳಿಗಳು ಈಗಲೂ ಕಾಣುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಮಣೆ ಆಟ, ಗಂಜೀಫ ಎಲೆಗಳ ಹುಚ್ಚು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳ ವಿಷಯವೂ ಇದೆ. ರಾಜರು ಆಡಿದ್ದಕ್ಕೆ ದಾಖಲೆ ಉಳಿಯಿತು.

ನಾವು ಆಡಿದ್ದಕ್ಕೆ? ಹಾಳೆಗಾಡಿ ತಗೊಳ್ಳಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಎಳೆಯುವುದು. ಅಂಗಳ ಇಳಿಜಾರಿದ್ದರೆ ಸ್ವರ್ಗ. ಚಡ್ಡಿ ಹರಿದು ಆಯಿಯ ಕೈಲಿ ಪೆಟ್ಟು ಬೀಳುವಷ್ಟರಲ್ಲಿ ಹಾಳೆಯೂ ಹರಿದಿರುತ್ತಿತ್ತು. ಗಾಡಿಯನ್ನು ದನದ ಕೊಟ್ಟಿಗೆಗೋ ಬಚ್ಚಲ ಒಲೆಗೋ ಹಾಕಿ ಮರುದಿನ ಹೊಸ ಗಾಡಿ. ಪೆಟ್ಲಂಡೆ ಇನ್ನೂ ಚಂದ. ಸಣ್ಣ ಬಿದಿರಿನ ಕೊಳವೆ, ಅದರೊಳಗೆ ಸರಿಯಾಗಿ ಕೂರುವ ಒಂದು ಕಡ್ಡಿ. ಮುಂದಿನ ತುದಿಗೆ ಒಂದು ಹಸಿ ಜುಮ್ಮನಕಾಯಿ ಬಿಗಿಯಾಗಿ ತುರುಕಿ, ಹಿಂದಿನಿಂದ ಇನ್ನೊಂದು ತುರುಕಿ ಕಡ್ಡಿಯಿಂದ ನೂಕಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ 'ಪಟ್' ಅಂತ ಹಾರುತ್ತದೆ. ಇಂಜಿನಿಯರಿಂಗ್‌ನಲ್ಲಿ ಬಾಯ್ಲನ ನಿಯಮಕ್ಕೆ ಮತ್ತೆ ಮತ್ತೆ ಲೆಕ್ಕ ಮಾಡಿದೆ. ಆ ನಿಯಮ ನನ್ನ ಕಿವಿಗೆ ಬಿದ್ದದ್ದು ಮಾತ್ರ ಎರಡನೇ ಕ್ಲಾಸಿನಲ್ಲಿ, ಅಕ್ಕ ಹೊಡೆದ ಪೆಟ್ಲಂಡೆಯಿಂದ :-) ಮಳೆಗಾಲ ಮುಗಿದು ಕಾಯಿ ಬಲಿತ ಮೇಲೆ ಪೆಟ್ಲಂಡೆಗೂ ಕೆಲಸ ಮುಗಿಯಿತು. ಮಾಡಿದ ಆಟಿಕೆ ಇಟ್ಟುಕೊಳ್ಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಹಳೇ ಮೈಸೂರಿನವರ ಹಾಗೆ ನವರಾತ್ರಿಗೆ ಗೊಂಬೆ ಕೂರಿಸುವುದೂ ನಮ್ಮನೆಯಲ್ಲಿಲ್ಲ. ಆ ಕಡೆ ಪಟ್ಟದ ಗೊಂಬೆಗಳು ತಲೆಮಾರಿನಿಂದ ತಲೆಮಾರಿಗೆ ಹೋಗುತ್ತವೆ. ನಮ್ಮ ಕಡೆ ತಲೆಮಾರಿನಿಂದ ತಲೆಮಾರಿಗೆ ಹೋಗಿದ್ದು ಹಾಳೆ ಎಳೆಯುವ ಬುದ್ಧಿ ಅಷ್ಟೇ.

ಈಗ ಲಾರಿ.

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನಲ್ಲಿ ಅಮ್ಮನ ಗದ್ದುಗೆ, ಸುತ್ತ ಪೇಟೆ ತುಂಬ ಅಂಗಡಿ, ತೊಟ್ಟಿಲು, ನಾಟಕ, ಬೆಂಡು ಬತ್ತಾಸು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಹೋದ ಜಾತ್ರೆಯಲ್ಲಿ ಒಂದು ಬ್ಯಾಟರಿ ಕಾರು ನೋಡಿದೆ. ಪೊಲೀಸ್ ಕಾರು, ಕೆಂಪು ನೀಲಿ ಲೈಟು, ಗೋಡೆಗೆ ಗುದ್ದಿದರೆ ತಾನೇ ತಿರುಗಿ ಬರುತ್ತಿತ್ತು. ಅದೇ ಬೇಕು ಅಂತ ರಸ್ತೆಯಲ್ಲೇ ಕೂತು ಅತ್ತೆ. ಅಪ್ಪಯ್ಯ ಮುಂದಿನ ಅಂಗಡಿಗೆ ಕರೆದೊಯ್ದು ಮರದ ಲಾರಿ ಕೊಡಿಸಿದರು. ಹಸಿರು ಬಣ್ಣ, ನಾಲ್ಕು ಚಕ್ರ, ಮುಂದೆ ಹಗ್ಗ ಕಟ್ಟಲು ಒಂದು ಕೊಕ್ಕೆ. ಮನೆಗೆ ಬಂದ ದಿನವೇ ಸಿಟ್ಟಿನಿಂದ ಅದನ್ನು ಜಗುಲಿಯಿಂದ ಅಂಗಳಕ್ಕೆ ಎಸೆದೆ. ಹಿಂದಿನ ಒಂದು ಚಕ್ರ ಹಾರಿಹೋಯಿತು. ಆಮೇಲೆ ಅದನ್ನು ಮುಟ್ಟಿದ ನೆನಪಿಲ್ಲ.

ಅಟ್ಟದ ಮೇಲೆ ಟಾರ್ಚ್ ಬೆಳಕಿನಲ್ಲಿ ಲೆಕ್ಕದ ಪುಸ್ತಕ ತಿರುವಿದೆ. ಅಪ್ಪಯ್ಯ ಎಲ್ಲದಕ್ಕೂ ಲೆಕ್ಕ ಬರೆಯುವ ಮನುಷ್ಯ. ಜಾತ್ರೆಯ ದಿನದ ಪುಟ ಸಿಕ್ಕಿತು. ಬಸ್ ಚಾರ್ಜು, ಹಣ್ಣುಕಾಯಿ, ಬಳೆ, ಚಹಾ, ಬತ್ತಾಸು. ಅದರ ಕೆಳಗೆ 'ತಮಂಗೆ ಲಾರಿ - 45'. ಮುಂದಿನ ಪುಟದಲ್ಲಿ ಸೊಸೈಟಿ ಸಾಲದ ಬಡ್ಡಿ. ಮೈಲುತುತ್ತದ ಬಾಕಿ. 2000ದ ನಂತರದ ಆ ವರ್ಷಗಳಲ್ಲಿ ಅಡಿಕೆ ದರ ಹೇಗೆ ಬಿದ್ದಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ಕೊಳೆರೋಗ ಬೇರೆ. ಒಂದನೇ ಕ್ಲಾಸಿನ ಮಾಣಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು.

"ಆ ಬ್ಯಾಟರಿ ಕಾರಿಗೆ ಎಷ್ಟಿತ್ತು ಅಪ್ಪಯ್ಯ?" ಅಂದೆ, ತಮಾಷೆಗೆ.

"ನೂರಾ ಅರವತ್ತು ಹೇಳಿದ್ದ ಅಂವ" ಅಂದರು, ಹಂಚಿನ ಕಡೆ ನೋಡುತ್ತಲೇ. "ಕಿಸೆಲಿ ಅಷ್ಟು ಇತ್ತಿಲ್ಲೆ."

ಇಪ್ಪತ್ತು ವರ್ಷದ ಮೇಲಾಯಿತು. ಕೊಂಡ ಲಾರಿಯ ಬೆಲೆಗೆ ಪುಸ್ತಕ ನೋಡಬೇಕಾಯಿತು. ಕೊಳ್ಳದ ಕಾರಿನ ಬೆಲೆ ಅವರ ಬಾಯಲ್ಲೇ ಇತ್ತು. ನಾನು ಸುಮ್ಮನೆ ಬಕೆಟ್ ಎತ್ತಿಕೊಂಡು ಕೆಳಗಿಳಿದೆ.

ಬೆಂಗಳೂರಿಗೆ ಬಂದ ಮೇಲೆ ನೆನಪಾಗಿದ್ದು 'ಮೃಚ್ಛಕಟಿಕ'. ಶೂದ್ರಕನ ನಾಟಕ, ಹೆಸರಿನ ಅರ್ಥವೇ ಮಣ್ಣಿನ ಗಾಡಿ. ಬಡತನಕ್ಕೆ ಬಿದ್ದ ಚಾರುದತ್ತನ ಮಗ ರೋಹಸೇನ ಪಕ್ಕದ ಮನೆಯ ಹುಡುಗನ ಚಿನ್ನದ ಗಾಡಿಯಲ್ಲಿ ಆಡಿ ಬಂದಿರುತ್ತಾನೆ. ಮನೆಯ ಕೆಲಸದವಳು ರದನಿಕೆ ಮಣ್ಣಿನ ಗಾಡಿ ಮಾಡಿಕೊಟ್ಟರೆ ಅದು ಬೇಡ, ಚಿನ್ನದ್ದೇ ಬೇಕು ಅಂತ ಅಳುತ್ತಾನೆ. ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಮಣ್ಣಿನ ಗಾಡಿಗೆ ತುಂಬುತ್ತಾಳೆ. ಆಮೇಲೆ ಅದೇ ಒಡವೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷಿಯಾಗಿ ಅವನ ಕುತ್ತಿಗೆಗೇ ಬರುತ್ತದೆ. ಇದನ್ನು ಆಧರಿಸಿ 1984ರಲ್ಲಿ 'ಉತ್ಸವ್' ಎಂಬ ಹಿಂದಿ ಸಿನಿಮಾ ಮಾಡಿದವರು ಗಿರೀಶ್ ಕಾರ್ನಾಡ್. ಅವರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಅವರೂ ಮಾರಿ ಜಾತ್ರೆಯ ರಸ್ತೆಯಲ್ಲಿ ಏನಾದರೂ ಬೇಕು ಅಂತ ಕೂತು ಅತ್ತಿದ್ದರೋ ಏನೋ! ಇದು ಇತಿಹಾಸ ಅಲ್ಲ, ನನ್ನ ತರ್ಲೆ.

ಲಾರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ. ಅದು ಚನ್ನಪಟ್ಟಣದ್ದು ಅಂತ ನನಗೆ ಪೂರ್ತಿ ನಂಬಿಕೆ. ಕರ್ನಾಟಕದಲ್ಲಿ ಮರದ ಆಟಿಕೆ ಅಂದರೆ ಮತ್ತೇನು? ಒಂದು ಶನಿವಾರ ಬೈಕ್ ಹತ್ತಿದೆ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರು. 2023ರ ಮಾರ್ಚಿನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಕಾರಿನವರು ಊರಿನ ಹೊರಗಿಂದಲೇ ಹೋಗುತ್ತಾರೆ, ರಸ್ತೆ ಬದಿಯ ಗೊಂಬೆ ಅಂಗಡಿಗಳ ವ್ಯಾಪಾರ ಕುಸಿದಿದೆ ಅಂತ ಪೇಪರಿನಲ್ಲಿ ಓದಿದ್ದೆ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶ ಇಲ್ಲದ್ದರಿಂದ ನಾನು ಹಳೇ ದಾರಿಯಲ್ಲೇ ಹೋದೆ.

ಅಲ್ಲಿ ಕೆಲಸ ನೋಡುವುದೇ ಒಂದು ಖುಷಿ. ಹಾಲೆ ಮರ, ಹಗುರ, ಬಿಳಿ. ಅದನ್ನು ಒಣಗಿಸಿ ತುಂಡು ಮಾಡಿ ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ, ಉಳಿ ಹಿಡಿದರೆ ಕಣ್ಣೆದುರೇ ಗೊಂಬೆಯ ತಲೆ, ಹೊಟ್ಟೆ ಮೂಡುತ್ತದೆ. ಆಮೇಲೆ ಬಣ್ಣ. ಕುಂಚ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಅಂತ ಅವರು ಕರೆಯುವ, ಕೇದಗೆ ಜಾತಿಯ ಒಣಗರಿ ಒತ್ತಿದರೆ ಕನ್ನಡಿಯ ಹೊಳಪು. ಟಿಪ್ಪು ಸುಲ್ತಾನ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ ಎಂಬುದು ಊರಿನವರ ಹೇಳಿಕೆ. ಜಪಾನಿನ ಗೊಂಬೆ ತಂತ್ರಗಳನ್ನು ಅಳವಡಿಸಿದ ಬಾವಾಸ್ ಮಿಯಾನ್ ಅವರನ್ನು ಇಲ್ಲಿನ ಆಟಿಕೆಯ ಪಿತಾಮಹ ಅನ್ನುತ್ತಾರೆ. 2005-06ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಚನ್ನಪಟ್ಟಣದ್ದಲ್ಲದ್ದಕ್ಕೆ ಆ ಹೆಸರು ಹಚ್ಚುವಂತಿಲ್ಲ.

ಒಂದು ಹಳೇ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಲಾರಿ ತೆಗೆದು ಕೈಗೆ ಕೊಟ್ಟೆ. ಅವರು ಅದನ್ನು ತೂಗಿ ನೋಡಿದರು, ತಿರುಗಿಸಿದರು, ಉಗುರಿನಿಂದ ತಳ ಕೆರೆದರು. ಅರ್ಧ ನಿಮಿಷ ಕೂಡ ಆಗಿಲ್ಲ.

"ಇದು ನಮ್ದಲ್ಲ ಸಾರ್."

"ಹೇಗೆ ಗೊತ್ತಾಯ್ತು?"

ಕುಂಚದ ಗೆರೆ ತೋರಿಸಿದರು. ಇದು ಅರಗಲ್ಲ, ಡಬ್ಬಿ ಪೇಂಟು. ಲೇತಿನಲ್ಲಿ ತಿರುಗಿಸಿದ ದುಂಡು ಎಲ್ಲಿದೆ? ಎಲ್ಲ ಹಲಗೆ ಕೊಯ್ದು ಮೊಳೆ ಹೊಡೆದದ್ದು, ಚಕ್ರವನ್ನು ಕೂಡ ಗರಗಸದಲ್ಲಿ ಕೊಯ್ದು ಉಜ್ಜಿದ್ದಾರೆ. ಆಮೇಲೆ ಚಕ್ರ ಕಳಚಿದ ಜಾಗ ಬೆಳಕಿಗೆ ಹಿಡಿದರು. ಒಳಗೆ ಮರ ಹಳದಿ.

"ಹಲಸು" ಅಂದರು. "ಯಾರೋ ನಿಮ್ಮ ಕಡೆ ಆಚಾರಿ ಮಾಡಿರೋದು. ಒಳ್ಳೆ ಕೆಲಸ. ಮೊಳೆ ಎಲ್ಲೂ ಹೊರಗೆ ಬಂದಿಲ್ಲ ನೋಡಿ, ಮಗುವಿಗೆ ಚುಚ್ಚಬಾರದು ಅಂತ ತಲೆ ಒಳಗೆ ಹೊಡೆದಿದಾನೆ."

ನಾನು ಇಷ್ಟು ವರ್ಷದಲ್ಲಿ ಅದನ್ನು ನೋಡಿರಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಇದೇ ತಲೆಯಲ್ಲಿ. ಕಿನ್ನಾಳದ ಚಿತ್ರಗಾರರಿಗೆ ಹೆಸರಿದೆ. ನಮ್ಮದೇ ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರಿಗೆ ಗಂಧದ ಕೆತ್ತನೆ, ಬೆಂಡಿನ ಬಾಸಿಂಗದ ಹೆಸರಿದೆ. ಆದರೆ ಬಾಗಿಲು, ನೇಗಿಲು, ಮಣೆ ಮಾಡಿ ಉಳಿದ ಹಲಸಿನ ತುಂಡಿನಲ್ಲಿ ನಾಲ್ಕು ಲಾರಿ ಮಾಡಿ ಜಾತ್ರೆಗೆ ತಂದ ಆಚಾರಿಗೆ ಯಾವ ಸೂಚಿಯೂ ಇಲ್ಲ. ಅವನನ್ನು ಅಂಗಡಿಯಿಂದ ಎಬ್ಬಿಸಿದ್ದು ನಾನು ಅತ್ತು ಕೇಳಿದ ಅದೇ ಪೊಲೀಸ್ ಕಾರು. ಚೀನಾದ ಆಟಿಕೆಗಳ ಬಣ್ಣದಲ್ಲಿ ಸೀಸ ಇದೆ ಅಂತ 2007ರಲ್ಲಿ ಮ್ಯಾಟೆಲ್‌ನಂಥ ದೊಡ್ಡ ಕಂಪನಿಯೇ ಲಕ್ಷಗಟ್ಟಲೆ ವಾಪಸ್ ತರಿಸಿಕೊಂಡಿತು. 2009ರ ಜನವರಿಯಲ್ಲಿ ಭಾರತ ಚೀನಾ ಆಟಿಕೆಗಳ ಆಮದನ್ನು ಆರು ತಿಂಗಳಿಗೆ ಅಂತ ನಿಲ್ಲಿಸಿ, ಮಾರ್ಚ್‌ನಲ್ಲೇ ಷರತ್ತು ಹಾಕಿ ಸಡಿಲಿಸಿತು. 2020ರ ಬಜೆಟ್‌ನಲ್ಲಿ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು, ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚಿ ಇದ್ದವಕ್ಕೆ ವಿನಾಯಿತಿ ಕೊಟ್ಟರು. ಒಳ್ಳೆಯದೇ. ಆದರೆ ನೋಂದಣಿ ಆಗಬೇಕಾದರೆ ಮೊದಲು ಒಂದು ಹೆಸರು ಬೇಕಲ್ಲ. ನನ್ನ ಆಚಾರಿ ಎಲ್ಲೂ ಸಹಿ ಹಾಕಿಲ್ಲ. ಹಾಗೆ ನೋಡಿದರೆ ಅವನು ಬಿಟ್ಟು ಹೋದ ಸಹಿ ಆ ಒಳಗೆ ಇಳಿದ ಮೊಳೆಗಳೇ.

ಅದೇ ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪಯ್ಯನಿಗೆ ಹೇಳಿದೆ. ಹಲಸಿನ ಮರ, ನಮ್ಮ ಕಡೆಯದ್ದೇ ಅಂತೆ. ಮಾರಿದವನು ಯಾರು, ಯಾವ ಊರಿನವನು, ಏನಾದರೂ ನೆನಪಿದೆಯಾ?

ಸ್ವಲ್ಪ ಹೊತ್ತು ಆ ಕಡೆ ಮಳೆ ಶಬ್ದ ಮಾತ್ರ.

"ಇಲ್ಲೆ ತಮಾ. ಕೇಳವು ಹೇಳೇ ಹೊಳದ್ದಿಲ್ಲೆ. ನೀನು ಅಳ್ತಾ ಇದ್ದಿದ್ದೆ."

ದೀಪಾವಳಿಗೆ ಹೋದಾಗ ಲಾರಿಯನ್ನು ವಾಪಸ್ ತಗೊಂಡು ಹೋದೆ. ಪುಟ್ಟಿ ನೋಡಿದ ಕೂಡಲೇ ಕಿತ್ತುಕೊಂಡು ಹಿಂದೆ ಅಡಿಕೆ ಸಿಪ್ಪೆ ತುಂಬಿ, ಕೊಕ್ಕೆಗೆ ಬಾಳೆನಾರು ಕಟ್ಟಿ ಅಂಗಳದಲ್ಲಿ ಎಳೆಯಲು ಶುರು ಮಾಡಿದಳು. ಮೂರೇ ಚಕ್ರ, ಹಾಗಾಗಿ ಪ್ರತಿ ತಿರುವಿನಲ್ಲೂ ಹಿಂದಿನ ಮೂಲೆ ನೆಲಕ್ಕೆ ಉಜ್ಜುತ್ತದೆ. ಅಪ್ಪಯ್ಯ ಜಗುಲಿಯಲ್ಲಿ ಕೂತು ಎರಡು ದಿನ ನೋಡಿದರು. ಮೂರನೇ ದಿನ ಬೆಳಿಗ್ಗೆ ಕೊಟ್ಟಿಗೆಯ ಅಟ್ಟದಿಂದ ಹಳೇ ಹಲಸಿನ ಹಲಗೆಯ ತುಂಡೊಂದನ್ನು ಇಳಿಸಿ, ಗರಗಸ ಎಲ್ಲಿಟ್ಟೆ ಅಂತ ಆಯಿಯ ಹತ್ತಿರ ಕೇಳುತ್ತಿದ್ದರು. ನನ್ನ ಬಸ್ಸು ಹತ್ತೂವರೆಗೆ ಇತ್ತು, ಹೊರಟು ಬಂದೆ.